ನರ್ಸಿಂಗ್ ಸ್ಟೂಡೆಂಟ್ಸ್‌ಗೆ ಕರುಣೆ ಕ್ಲಾಸಲ್ಲಿ ಕಲಿಸೋಕಾಗುತ್ತಾ?

ವಾರ್ಡ್_ಮೇಡಂ: ನರ್ಸಿಂಗ್ ಕಾಲೇಜಲ್ಲಿ ಪಾಠ ಮಾಡ್ತೀನಿ. ಫಸ್ಟ್ ಇಯರಲ್ಲಿ ಪೇಷಂಟ್ ಅತ್ರೆ ತಾವೂ ಅಳೋ ಹುಡುಗ್ರು ಫೈನಲ್ ಇಯರ್ ಹೊತ್ತಿಗೆ "ಆ ಶುಗರ್ ಕೇಸ್" ಅಂತ ಮಾತಾಡ್ತಾರೆ. ಎಂಬಿಬಿಎಸ್‌ನೋರಿಗೆ ಏಟ್‌ಕಾಮ್ ಅಂತ, ಪೇಷಂಟ್ಸ್ ಜೊತೆ ಹೇಗೆ ನಡ್ಕೋಬೇಕು ಅಂತ ಕಲಿಸೋ ಕೋರ್ಸ್ ಇದ್ಯಲ್ಲ, ಅದ್ರಿಂದ ಉಪಯೋಗ ಆಗಿದ್ಯಾ?

ಹೌಸ್‌ಸರ್ಜನ್: 2019ರ ಬ್ಯಾಚಿಂದ ನಮ್ಗೆ ಅದು ಸಿಲಬಸ್ಸಲ್ಲೇ ಇದೆ ಮೇಡಂ, ಆಟಿಟ್ಯೂಡ್, ಎಥಿಕ್ಸ್, ಕಮ್ಯುನಿಕೇಶನ್ ಮೂರೂ ಸೇರಿ. ಕೆಟ್ಟ ಸುದ್ದಿ ಹೇಳೋದ್ರ ರೋಲ್ ಪ್ಲೇ ನಿಜವಾಗ್ಲೂ ಚೆನ್ನಾಗಿತ್ತು, ಪೇಷಂಟ್ ಕಡೆಯೋರಾಗಿ ಕೂತಾಗ್ಲೇ ಗೊತ್ತಾಗೋದು. ಆದ್ರೆ ರೌಂಡ್ಸಲ್ಲಿ ಸೀನಿಯರ್ ಒಬ್ರು ಅಜ್ಜಿ ಮೇಲೆ ರೇಗಿದ್ರೆ ಮುಗೀತು, ಜೂನಿಯರ್ಸ್ ಅದನ್ನೇ ಕಲಿಯೋದು.

ನೈಟ್‌ಡ್ಯೂಟಿ: ಮೊದ್ಲು ಸ್ಟಾಫ್ ಮೇಲೆ ಕರುಣೆ ತೋರ್ಸ್ಲಿ ಮಾರಾಯ್ರೆ. ಇಡೀ ವಾರ್ಡಿಗೆ ಒಬ್ಳೇ ಇದ್ದು, ಊಟಾನೂ ಆಗಿರಲ್ಲ, ಆ ಕಡೆ ಡ್ರಿಪ್ ಮುಗೀತು ಅಂತ ಕೂಗ್ತಿದ್ರೆ ನಗು ಎಲ್ಲಿಂದ ಬರ್ಬೇಕು ಹೇಳಿ. ಆದ್ರೂ ಒಂದು ಮಾಡ್ಬೋದು, ಓಸ್ಕಿ ಪರೀಕ್ಷೇಲಿ (ಒಂದೊಂದು ಟೇಬಲ್ಲಲ್ಲೂ ಒಂದೊಂದು ಕೆಲ್ಸ ಮಾಡ್ಸಿ ನೋಡೋ ಪ್ರಾಕ್ಟಿಕಲ್) ಪ್ರೊಸೀಜರ್ ಜೊತೆ ಇವಕ್ಕೂ ಮಾರ್ಕ್ಸ್ ಇಡಿ: ಹೆಸ್ರು ಹಿಡಿದು ಮಾತಾಡ್ಸಿದ್ರಾ, ಪರದೆ ಎಳೆದ್ರಾ, "ಸೂಜಿ ಚುಚ್ತೀನಿ" ಅಂತ ಹೇಳಿ ಚುಚ್ಚಿದ್ರಾ. ಮಾರ್ಕ್ಸಿಗಾದ್ರೂ ಮಾಡ್ತಾರೆ, ಆಮೇಲೆ ಕೈಗೆ ರೂಢಿ ಆಗುತ್ತೆ.

ವಾರ್ಡ್_ಮೇಡಂ: ಪರದೆಗೆ ಮಾರ್ಕ್ಸ್, ಸೂಪರ್. ಎಚ್‌ಒಡಿ ಹತ್ರ ಕೇಳ್ತೀನಿ, ಒಪ್ಪೋದು ಡೌಟು 😅