ಎಲಿ ಸುಡೋ ಹೊಗಿ: ಬಡಾವಣೆ ಗುಂಪಿನ ಚರ್ಚೆ, ಧಾರವಾಡ

ಸಂಘದ ಕಾರ್ಯದರ್ಶಿ: ಎಲ್ಲಾರಿಗೂ ನಮಸ್ಕಾರ. ಸಂಜಿ ಆತಂದ್ರ ಮತ್ತ ಹೊಗಿ ಶುರು ಆಗೈತಿ. ಈ ದಿನದಾಗ ಹೊತ್ತು ಮುಳಗಿದ ಕೂಡ್ಲೆ ನೆಲ ತಣ್ಣಗ ಆಗತೈತಿ, ಮ್ಯಾಲಿನ ಗಾಳಿ ಬೆಚ್ಚಗ ಇರತೈತಿ. ಹಂಗಾಗಿ ಹೊಗಿ ಮ್ಯಾಲೆ ಏರೂದಿಲ್ಲ, ಕಿಡಕಿ ಎತ್ತರಕ್ಕ ನಿಲ್ಲತೈತಿ. ಗುಂಪಿನ್ಯಾಗ ಎಲಿ-ಕಸದ ಬೆಂಕಿ ಮತ್ತ ನೀರು ಕಾಸೋ ಬಚ್ಚಲ ಬಂಬಿನ ಹೊಗಿ ಎರಡೂ ಕೂಡಿಸಿ ಜಗಳ ನಡದೈತಿ. ಮೊದಲ ಎಲಿ ಮುಗಸೋಣ್ರಿ.

2ನೇ ಕ್ರಾಸ್, ಮೂಲಿ ಮನಿ: ನಮ್ಮ ಕಂಪೌಂಡಿನ್ಯಾಗ ನಮ್ಮ ಮಾವಿನ ಎಲಿ ಸುಟ್ಟರ ಯಾವ ಕಾಯ್ದೆ ಅಡ್ಡ ಬರತೈತ್ರಿ?

ವಕೀಲರು, 4ನೇ ಕ್ರಾಸ್: ಕೇಳಿದ್ದು ಛಲೋ ಆತು. 2026ರ ಮಾರ್ಚ್ ತನಕ ಇದ್ದ 2016ರ ಘನತ್ಯಾಜ್ಯ ನಿಯಮದ 4ನೇ ಕಲಮಿನ್ಯಾಗ ರಸ್ತೆ, ಸಾರ್ವಜನಿಕ ಜಾಗ, ಗಟಾರಿನ್ಯಾಗ ಕಸ ಸುಡಬಾರದು ಅಂತ ಬರದಿದ್ರು. ಅದನ್ನ ಹಿಡಕೊಂಡು ‘ನಮ್ಮ ಕಂಪೌಂಡು’ ಅಂತ ವಾದ ಮಾಡಬಹುದಿತ್ತು. ಆದ್ರ 2016ರ ಡಿಸೆಂಬರ್ 22ಕ್ಕ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ಬಯಲಾಗ ಕಸ ಸುಡೋದನ್ನ ಪೂರ್ತಿ ನಿಷೇಧ ಮಾಡೇದ. ಸಾದಾ ಸುಟ್ಟಿದ್ದಕ್ಕ 5,000 ರೂಪಾಯಿ, ದೊಡ್ಡ ಪ್ರಮಾಣದಾಗ ಸುಟ್ಟರ 25,000 ರೂಪಾಯಿ ಪರಿಸರ ಪರಿಹಾರ ಅಂತ ಸುಟ್ಟವ್ರ ಕಟ್ಟಬೇಕು. ಅದೇ 2016ರ ನಿಯಮದಾಗ ತೋಟದ ಕಸ ಬ್ಯಾರೆ ಇಡಬೇಕು ಅಂತನೂ ಇತ್ತು. ಕಸಬರಿಗಿ ಹಿಡದವ್ರು ಎಲಿ ಸುಡಧಂಗ ನೋಡಕೊಳ್ಳೋದು ಪಾಲಿಕೆ ಹೊಣಿ ಅಂತನೂ ಇತ್ತು. ಅದಕ್ಕ ಪೌರಕಾರ್ಮಿಕರ ಫೋಟೋ ತಗದು ಇಲ್ಲಿ ಹಾಕಬ್ಯಾಡ್ರಿ. ಎಲಿ ಎಲ್ಲಿ ಒಗೀಬೇಕು ಅಂತ ಜಾಗಾನ ಕೊಡದ ಅವರನ್ನ ಬೈಯೋದು ಸರಿ ಅಲ್ಲ.

3ನೇ ಕ್ರಾಸ್, ಕೈತೋಟದವ್ರು: ಎಲಿ ಗೊಬ್ಬರ ಮಾಡಾಕ ಜಾಗ ಅಂದ್ರ ಇಷ್ಟ ಸಾಕು. ಒಂದಿಂಚಿನ ಕಣ್ಣಿನ ತಂತಿ ಜಾಳಗಿ, 3 ಅಡಿ ಅಗಲದ್ದು, 10 ಅಡಿ ಉದ್ದ ಕತ್ತರಸ್ರಿ. ಸುತ್ತಿ ತಂತಿ ಬಿಗದರ 3 ಅಡಿ ವ್ಯಾಸದ ಕಣಜ ಆಗತೈತಿ. ಇದಕ್ಕಿಂತ ಸಣ್ಣದು ಮಾಡಿದ್ರ ಒಳಗ ಕಾವು ಹಿಡಿಯಂಗಿಲ್ಲ. ತಳಕ್ಕ ಅರ್ಧ ಅಡಿ ಒಣ ಟೊಂಗಿ, ಗಾಳಿ ಆಡಾಕ. ಮ್ಯಾಲೆ 9 ಇಂಚು ಎಲಿ ಹಾಕಿ ಕಾಲಿಲೆ ತುಳೀರಿ, ಒಂದು ಬಕೀಟ ನೀರಿನ್ಯಾಗ 3–4 ಕೆಜಿ ಹಸಿ ಹೆಂಡಿ (ಸಗಣಿ) ಕಲಸಿ ಸುರೀರಿ, ಮತ್ತ ಎಲಿ. ಒಣ ಎಲಿಯಾಗ ಇಂಗಾಲ ಭಾಳ, ಸಾರಜನಕ ಕಡಿಮಿ. ಹೆಂಡಿ ಇಲ್ಲಂದ್ರ ವರ್ಷಾದ್ರೂ ಹಂಗ ಕುಂಡರತೈತಿ. ಹೆಂಡಿ ಸಿಗದಿದ್ರ ಅಡಿಗಿಮನಿ ಹಸಿ ಕಸ ಪದರಕ್ಕ ಒಂದು ಬುಟ್ಟಿ.

ಮುಟಗಿಯಾಗ ಹಿಡದು ಹಿಂಡಿದ್ರ ಒಂದೆರಡು ಹನಿ ಬರಬೇಕು. ಧಾರ ಬಂದ್ರ ನೀರು ಹೆಚ್ಚು, ನಾತ ಹೊಡೀತೈತಿ. ಒಣ ಎಲಿ ಹಾಕಿ ತಿರವ್ರಿ. ಇರುವಿ, ಗೆದ್ದಲ ಕಂಡ್ರ ಒಣಗೇತಿ ಅಂತ ತಿಳಿರಿ. ನಮ್ಮ ಕಡೆ ಫೆಬ್ರವರಿ-ಮಾರ್ಚಿನ ಬಿಸಲಾಗ ಹೆಚ್ಚಾಗಿ ಕೆಡೋದು ಇದ, ಅದಕ್ಕ ಮ್ಯಾಲೆ ಹಸಿ ಗೋಣಿತಟ್ಟು ಹೊಚ್ಚರಿ. ಗೋಡಿಗಿ ಹಚ್ಚಿ ಇಡಬ್ಯಾಡ್ರಿ. 15 ದಿನಕ್ಕೊಮ್ಮೆ ತಿರವಿದ್ರ 3–4 ತಿಂಗಳಿಗೆ ಗೊಬ್ಬರ. ಮಾವು, ತೇಗದ ಎಲಿ ದಪ್ಪ. ಅವನ್ನ ಕತ್ತರಿಸಿ ಹಾಕದಿದ್ರ ಇನ್ನೂ ತಡ.

1ನೇ ಕ್ರಾಸ್: ನಮ್ಮ ಬಂಬು ಹಂಗಾದ್ರ? ಅದಕ್ಕೂ ದಂಡ ಏನ್ರಿ?

ವಕೀಲರು, 4ನೇ ಕ್ರಾಸ್: ಕಟಗಿ ಉರುವಲ ಆಗಿ ಹಾಕಿದ್ರ ಅದು ಕಸ ಸುಟ್ಟಂಗ ಅಲ್ಲ ಅಕ್ಕಾರ. ಹಾಲಿನ ಪಾಕೀಟು, ರಬ್ಬರು, ಹಳೆ ಪ್ಲೈವುಡ್ ತುರಕಿದ್ರ ಮಾತು ಬ್ಯಾರೆ.

3ನೇ ಕ್ರಾಸ್, ಕೈತೋಟದವ್ರು: ಬಂಬಿನ ಹೊಗಿ ಹೆಚ್ಚಾಗಿ ಹಸಿ ಕಟಗಿದು. ಆಗಷ್ಟ ಕಡದ ಕಟಗಿ ತೂಕದಾಗ ಹತ್ರಹತ್ರ ಅರ್ಧ ನೀರು. ಸೀಳಿ, ಮಳಿ ತಾಗದಂಗ, ಗಾಳಿ ಆಡೋ ಜಾಗದಾಗ 6 ತಿಂಗಳಾದ್ರೂ ಒಣಗಸ್ರಿ. ಒಂದಕ್ಕೊಂದು ಬಡದ್ರ ಠಣ್ ಅನ್ನಬೇಕು. ಕೆಳಗಿನ ಬೂದಿ ದಿನಾ ತಗೀರಿ, ಅದು ತುಂಬಿದ್ರ ಗಾಳಿ ಹೋಗಂಗಿಲ್ಲ, ಉರಿ ಬದಲಿ ಹೊಗಿ. ಚಿಮಣಿ ಪೈಪು ಪಕ್ಕದ ಮನಿ ಕಿಡಕಿಗಿ ಸಮ ಇದ್ರ ಜಗಳ ಗ್ಯಾರಂಟಿ. ಛಾವಣಿಗಿಂತ 3 ಅಡಿ ಮ್ಯಾಲೆ ಹೋಗಲಿ, ಮಸಿ ವರ್ಷಕ್ಕೊಮ್ಮೆ ಕೆರೀರಿ.

2ನೇ ಕ್ರಾಸ್, ಮೂಲಿ ಮನಿ: ಹೋಳಿ ಕಾಮಣ್ಣನ್ನೂ ಗೊಬ್ಬರ ಮಾಡಬೇಕೇನ್ರೀ ಮತ್ತ? 😄

ಕಾರ್ಯದರ್ಶಿ: ಕಾಮಣ್ಣಗ ಒಣ ಕಟಗಿ, ಕುಳ್ಳು. ಟೈಯರು ತಂದವ್ರ ಹೆಸರು ಹಲಗಿ ಬಾರಿಸಿ ಹೇಳ್ತೀವಿ.

ಪಾಲಿಕೆ ವಲಯ ಕಚೇರಿಗೆ ಕೊಡೋ ಅರ್ಜಿ ಕರಡು, ನೋಡ್ರಿ:

*‘ನಮ್ಮ ಬಡಾವಣೆಯ ಉದ್ಯಾನದ ಹಿಂಬದಿ ಹಾಗೂ ಖಾಲಿ ನಿವೇಶನಗಳಲ್ಲಿ ಸಂಜೆ ವೇಳೆ ಎಲೆ ಮತ್ತು ಪ್ಲಾಸ್ಟಿಕ್ ಮಿಶ್ರಿತ ಕಸ ಸುಡಲಾಗುತ್ತಿದೆ. ದಿನಾಂಕ, ಸಮಯ, ಸ್ಥಳವಿರುವ ಫೋಟೋಗಳನ್ನು ಲಗತ್ತಿಸಿದ್ದೇವೆ. ಹುಬ್ಬಳ್ಳಿ-ಧಾರವಾಡವು ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ನಗರಗಳಲ್ಲಿ ಒಂದು. ಎಲೆ ಉದುರುವ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಎಲೆಗಾಗಿಯೇ ಪ್ರತ್ಯೇಕ ವಾಹನ ಕಳುಹಿಸಬೇಕು. ಉದ್ಯಾನದಲ್ಲಿ ಎರಡು ಎಲೆಗೊಬ್ಬರದ ಕಣಜ ಇಡಲು ಅನುಮತಿ ನೀಡಬೇಕು.’*

ವಕೀಲರು, 4ನೇ ಕ್ರಾಸ್: ಅರ್ಜಿ ನಕಲು ಒಂದು ಆರೋಗ್ಯ ನಿರೀಕ್ಷಕರಿಗೆ, ಒಂದು ಪರಿಸರ ಎಂಜಿನಿಯರರಿಗೆ. ಸ್ವೀಕೃತಿ ಸಿಕ್ಕಾ ಹಾಕಿಸಿಕೊಂಡು ಬರ್ರಿ, ಅದಿಲ್ಲದ ಮುಂದ ಏನೂ ನಡಿಯಂಗಿಲ್ಲ. ಖಾಲಿ ಸೈಟಿನ ಮಾಲಕರಿಗೆ ಬ್ಯಾರೆ ಪತ್ರ ಹಾಕೋಣು. ಹುಲ್ಲಿಗಿ ಬೆಂಕಿ ಹತ್ತಿ ಹಬ್ಬಾಕತ್ತಿದ್ರ ಅರ್ಜಿ ಗಿರ್ಜಿ ಬ್ಯಾಡ, ಸೀದಾ 112.

ಕಾರ್ಯದರ್ಶಿ: ರವಿವಾರ ಮುಂಜಾನೆ 8ಕ್ಕ ಪಾರ್ಕಿನ್ಯಾಗ ಸಹಿ. ಜಾಳಗಿ 20 ಅಡಿ ತರತೀನಿ. ಹೆಂಡಿ ಯಾರ ಕಡಿಂದ?

1ನೇ ಕ್ರಾಸ್: ಹಾಲಿನವರಿಗೆ ಹೇಳತೀನ್ರಿ. ಎರಡು ಪುಟ್ಟಿ ಸಾಕೇನು?

3ನೇ ಕ್ರಾಸ್, ಕೈತೋಟದವ್ರು: ನಾಕು ತರಸ್ರಿ ಅಕ್ಕಾರ. ಹಸೀದ ಬೇಕು, ಒಣ ಕುಳ್ಳು ಬ್ಯಾಡ.