ಕೆರೆ ಕೊರವನ ಹೊಟ್ಟೆಯಲ್ಲಿ ಕೆಂಪು ಹುಳು: ತಿನ್ನಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ತುಮಕೂರು ಕಡೆ ಹಳ್ಳಿ. ಭಾನುವಾರ ಅಪ್ಪ ಊರ ಕೆರೆಯಲ್ಲಿ ನಾಲ್ಕು ಕೊರವ ಮೀನು ಹಿಡಿದರು. ಹೊಟ್ಟೆ ಸೀಳಿದರೆ ಎರಡರಲ್ಲಿ ಕರುಳಿನ ಪಕ್ಕ ರಕ್ತದ ಬಣ್ಣದ ಹುಳು ಸುರುಳಿ ಸುತ್ತಿಕೊಂಡು ಕೂತಿದ್ದವು. ಬಿಡಿಸಿದರೆ ಬೆರಳುದ್ದ, ಇನ್ನೂ ಮಿಸುಕಾಡುತ್ತಿದ್ದವು. ಅಮ್ಮ ಹೆದರಿ ನಾಲ್ಕನ್ನೂ ತಿಪ್ಪೆಗೆ ಹಾಕಿಸಿದರು. ಯಾರೋ ಕೆರೆಗೆ ಔಷಧಿ ಬಿಟ್ಟಿದ್ದಾರೆ ಅಂತ ಊರಲ್ಲಿ ಮಾತು. ಅಪ್ಪ ಮಾತ್ರ ಬೇಯಿಸಿದರೆ ಏನೂ ಆಗಲ್ಲ ಅಂತಾರೆ. ಯಾರ ಮಾತು ಸರಿ?

ಉತ್ತರ: ನಿಮ್ಮ ಅಪ್ಪನ ಮಾತೇ ಸರಿ. ನಾಲ್ಕು ಕೊರವ ತಿಪ್ಪೆ ಸೇರಿದ್ದು ಕೇಳಿ ನನಗೆ ಬೇಜಾರಾಯಿತು. ಔಷಧಿಗೂ ಈ ಹುಳುವಿಗೂ ಸಂಬಂಧವಿಲ್ಲ. ನೀವು ಹೇಳಿದ ಬಣ್ಣ, ಉದ್ದ, ಸುರುಳಿ ನೋಡಿದರೆ ಇದು ಯೂಸ್ಟ್ರಾಂಗೈಲಿಡಿಸ್ ಎಂಬ ಜಂತುಹುಳುವಿನ ಮರಿ ಅನ್ನಿಸುತ್ತದೆ.

ಇದರ ನಿಜವಾದ ಮನೆ ನೀರುಕಾಗೆ, ಬಕದಂಥ ಹಕ್ಕಿಗಳ ಹೊಟ್ಟೆ. ಹಿಕ್ಕೆಯ ಜೊತೆ ಮೊಟ್ಟೆ ನೀರಿಗೆ ಬೀಳುತ್ತದೆ. ಕೆಸರಲ್ಲಿರುವ ಎಳೆಯಂಥ ಸಣ್ಣ ಹುಳುಗಳು ಅದನ್ನು ನುಂಗುತ್ತವೆ, ಅವನ್ನು ಸಣ್ಣ ಮೀನು, ಸಣ್ಣ ಮೀನನ್ನು ಕೊರವ. ಕೊರವನ ಹೊಟ್ಟೆ ಅದಕ್ಕೆ ಛತ್ರ ಇದ್ದ ಹಾಗೆ, ಹಕ್ಕಿ ಬಂದು ಮೀನು ನುಂಗುವವರೆಗೂ ಅಲ್ಲೇ ತಂಗಿರುತ್ತದೆ. ಹಾಗಾಗಿ ಹಕ್ಕಿ ಜಾಸ್ತಿ ಬರುವ ಕೆರೆಯಲ್ಲಿ ಇದು ಸಿಕ್ಕರೆ ಆಶ್ಚರ್ಯವಿಲ್ಲ.

ಕರುಳು ತೆಗೆಯಿರಿ. ಮಾಂಸದೊಳಗೆ ಕಂಡರೆ ಅಷ್ಟು ಭಾಗ ಕತ್ತರಿಸಿ ಹಾಕಿ. ಚೆನ್ನಾಗಿ ತೊಳೆದು ಸಾರು ಮಾಡಿ. ಮೀನಿನ ತುಂಡು ಒಳಗಿನವರೆಗೂ 63 ಡಿಗ್ರಿ ಬಿಸಿಯಾದರೆ ಸಾಕು, ಕುದಿಯುವ ಸಾರು ಅದನ್ನು ದಾಟಿಯೇ ಇರುತ್ತದೆ. ಮೀನು ಕೆಟ್ಟ ವಾಸನೆ ಬರುತ್ತಿದ್ದರೆ, ಮಾಂಸದ ತುಂಬ ಹುಳುವಿದ್ದರೆ ಮಾತ್ರ ಬಿಟ್ಟುಬಿಡಿ.

ಪ್ರಶ್ನೆ: ನಾವು ಗದ್ದೆ ಬದುವಿನಲ್ಲಿ ಉಪ್ಪು, ನಿಂಬೆಹಣ್ಣು ಹಚ್ಚಿ ಕೆಂಡದ ಮೇಲೆ ಸುಟ್ಟು ತಿನ್ನುತ್ತೇವೆ. ನಿಂಬೆಹುಳಿಗೆ ಹುಳು ಸಾಯಲ್ವಾ ಮೇಡಂ?

ಉತ್ತರ: ಸಾಯಲ್ಲ, ದಯವಿಟ್ಟು ಅದನ್ನು ನಂಬಬೇಡಿ. ಈಶಾನ್ಯ ಥಾಯ್ಲೆಂಡಿನಲ್ಲಿ ಹಸಿ ಮೀನನ್ನು ಕೊಚ್ಚಿ ನಿಂಬೆರಸ ಹಾಕಿ ಕಲಸಿ ತಿನ್ನುತ್ತಾರೆ, ಕೊಯ್ ಪ್ಲಾ ಅಂತ. ಆ ಮೀನಿನಲ್ಲಿ ಲಿವರ್ ಚಪ್ಪಟೆಹುಳುವಿನ ಮರಿ ಇರುತ್ತದೆ. ಕಣ್ಣಿಗೇ ಕಾಣದಷ್ಟು ಸಣ್ಣದು. ಹುಳಿ ಅದನ್ನು ಕೊಲ್ಲುವುದಿಲ್ಲ. ಅದು ಮನುಷ್ಯರ ಪಿತ್ತನಾಳ ಸೇರಿ ವರ್ಷಗಟ್ಟಲೆ ಇದ್ದು, ಅಲ್ಲಿ ಎಷ್ಟೋ ಜನಕ್ಕೆ ಪಿತ್ತನಾಳದ ಕ್ಯಾನ್ಸರ್ ತಂದಿದೆ. ನಿಮ್ಮ ಕೆಂಪು ಹುಳುವೂ ಜೀವಂತ ಹೊಟ್ಟೆಗೆ ಹೋದರೆ ಸುಮ್ನಿರಲ್ಲ. 1980ರ ದಶಕದ ಆರಂಭದಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ಗಾಳಕ್ಕೆ ಇಟ್ಟಿದ್ದ ಸಣ್ಣ ಮೀನನ್ನು ಜೀವಂತ ನುಂಗಿದ ಮೀನುಗಾರರ ಕರುಳನ್ನೇ ಅದು ತೂತು ಮಾಡಿತ್ತು, ಆಪರೇಷನ್‌ವರೆಗೂ ಹೋಯಿತು.

ಕೆಂಡದಲ್ಲಿ ಸುಡುವುದು ತಪ್ಪಲ್ಲ. ಹೊರಗೆ ಕರಿಕಲಾಗಿ ಮುಳ್ಳಿನ ಹತ್ತಿರ ಹಸಿ ಉಳಿಯುತ್ತದಲ್ಲ, ಅಲ್ಲೇ ಅಪಾಯ. ಬೆನ್ನುಮುಳ್ಳಿನ ಪಕ್ಕ ಬಿಡಿಸಿ ನೋಡಿ. ಮಾಂಸ ಗಾಜಿನ ಥರ ಮಿಂಚುತ್ತಿದ್ದರೆ ಇನ್ನೂ ಬೆಂದಿಲ್ಲ. ಬೆಳ್ಳಗಾಗಿ ಪದರ ಪದರ ಬಿಟ್ಟುಕೊಂಡರೆ ತಿನ್ನಿ. ದೊಡ್ಡ ಮೀನಾದರೆ ಸುಡುವ ಮುಂಚೆ ಎರಡೂ ಕಡೆ ಆಳವಾಗಿ ಗೀರು ಹಾಕಿ.

ಪ್ರಶ್ನೆ (ಇನ್ನೊಬ್ಬರು): ಪಕ್ಕೆ ಮೀನಿನ ಮೈಮೇಲೆ ಸಾಸಿವೆಯಂಥ ಕಪ್ಪು ಚುಕ್ಕೆ ಕಂಡೆ. ಅದೂ ಇದೇನಾ?

ಉತ್ತರ: ಅಲ್ಲ, ಬೇರೆ ಜಾತಿ. ನೀರಿನ ಬಸವನಹುಳುವಿನಿಂದ ಹೊರಬಂದ ಚಪ್ಪಟೆಹುಳುವಿನ ಮರಿ ಚರ್ಮದೊಳಗೆ ಹೊಕ್ಕಿದೆ. ಅದರ ಸುತ್ತ ಮೀನೇ ಕಪ್ಪು ಬಣ್ಣ ಕಟ್ಟಿಕೊಂಡಿದೆ. ಬೇಯಿಸಿದರೆ ತೊಂದರೆ ಇಲ್ಲ.

ಪ್ರಶ್ನೆ (ಮೊದಲಿನವರು): ಧನ್ಯವಾದ ಮೇಡಂ. ಕರುಳನ್ನು ನಾವು ಕೆರೆ ದಡದಲ್ಲೇ ಬಿಸಾಡುತ್ತೇವೆ. ಪರವಾಗಿಲ್ವಾ?

ಉತ್ತರ: ಬೇಡ. ದಡದಲ್ಲಿ ಬಿದ್ದದ್ದನ್ನು ಹಕ್ಕಿ ಎತ್ತಿಕೊಂಡು ಹೋದರೆ ಹುಳು ತಲುಪಬೇಕಾದ ಕಡೆಗೇ ತಲುಪಿತು. ಕೋಳಿ, ನಾಯಿಗೂ ಹಸಿಯಾಗಿ ಹಾಕಬೇಡಿ. ಮೊಣಕೈಯಷ್ಟು ಆಳದ ಗುಂಡಿ ತೋಡಿ ಮುಚ್ಚಿ. ಮತ್ತೆ ಹುಳು ಸಿಕ್ಕರೆ ಒಂದೆರಡನ್ನು ಸಣ್ಣ ಬಾಟಲಿಯಲ್ಲಿ ಸ್ಪಿರಿಟ್ ಹಾಕಿ ಇಡಿ, ಫೋಟೋನೂ ಇಲ್ಲಿ ಹಾಕಿ. ನೋಡಿ ಹೇಳುತ್ತೇನೆ.