ಸಹಾಯ ಬೇಕು: ಹವಾಮಾನ ಮಾತುಕತೆಗಳ ಮೇಲೆ ಜನಾಭಿಪ್ರಾಯದ ಪ್ರಭಾವ

ಗೌರವಾನ್ವಿತ ಸದಸ್ಯರೇ,

ಅಂತರರಾಷ್ಟ್ರೀಯ ಹವಾಮಾನ ಮಾತುಕತೆಗಳಲ್ಲಿ ದೇಶವೊಂದು ತಳೆಯುವ ನಿಲುವನ್ನು ಅಲ್ಲಿನ ಜನಾಭಿಪ್ರಾಯ ಎಷ್ಟರಮಟ್ಟಿಗೆ ನಿರ್ಧರಿಸುತ್ತದೆ ಎಂಬುದರ ಕುರಿತು ಪ್ರಬಂಧ ಸಿದ್ಧಪಡಿಸುತ್ತಿದ್ದು, ತಿಳಿದವರ ನೆರವು ಕೋರುತ್ತೇನೆ.

1997ರ ಜುಲೈನಲ್ಲಿ, ಹಸಿರುಮನೆ ಅನಿಲಗಳ ಹೊರಸೂಸುವಿಕೆ ತಗ್ಗಿಸುವ ಒಪ್ಪಂದ ರೂಪುಗೊಂಡ ಜಪಾನಿನ ಕ್ಯೋಟೊ ಸಮಾವೇಶಕ್ಕೆ ಕೆಲವೇ ತಿಂಗಳ ಮುಂಚೆ, ಅಭಿವೃದ್ಧಿಶೀಲ ರಾಷ್ಟ್ರಗಳಿಗೂ ಹೊಣೆ ವಿಧಿಸದ ಒಪ್ಪಂದಕ್ಕೆ ಸಹಿ ಹಾಕಬಾರದೆಂಬ ನಿರ್ಣಯವನ್ನು ಅಮೆರಿಕದ ಸೆನೆಟ್ 95–0 ಮತಗಳಿಂದ ಅಂಗೀಕರಿಸಿತು. ಮುಂದೆ ಕ್ಯೋಟೊ ಒಪ್ಪಂದಕ್ಕೆ ಸರ್ಕಾರ ಸಹಿ ಹಾಕಿದರೂ ಅದನ್ನು ಅನುಮೋದನೆಗೆಂದು ಸೆನೆಟ್ಟಿನ ಮುಂದಿಡಲೇ ಇಲ್ಲ. ಆಸ್ಟ್ರೇಲಿಯಾದಲ್ಲಿ ಮಾತ್ರ 2007ರ ಚುನಾವಣೆಯಲ್ಲಿ ಸರ್ಕಾರ ಬದಲಾದ ಬೆನ್ನಲ್ಲೇ ಅದೇ ಒಪ್ಪಂದಕ್ಕೆ ಅನುಮೋದನೆ ದೊರೆಯಿತು. ಸೆನೆಟ್ಟಿನ ಮತವನ್ನು ಜನರ ಮತವೆಂದೇ ಭಾವಿಸುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಉದ್ಯಮಗಳ ಒತ್ತಡವೂ ಆಗ ಪ್ರಬಲವಾಗಿತ್ತು.

ಜನಾಭಿಪ್ರಾಯ ಹಾಗೂ ಉದ್ಯಮಗಳ ಒತ್ತಡ, ಈ ಎರಡರ ಪ್ರಭಾವವನ್ನೂ ಬೇರ್ಪಡಿಸಿ ನೋಡುವ ವಿಧಾನವಾಗಲಿ, ಹಲವು ವರ್ಷ ಒಂದೇ ಪ್ರಶ್ನೆಯನ್ನು ಕೇಳುತ್ತ ಬಂದ ಸಮೀಕ್ಷೆಗಳ ಮಾಹಿತಿಯಾಗಲಿ ನಿಮ್ಮಲ್ಲಿದ್ದರೆ ದಯವಿಟ್ಟು ತಿಳಿಸಿ.